ಧ್ಯಾನಕ್ಕೆ ಕೂರುವ ಭಂಗಿ ಹೊಂದಿಸಿಕೊಳ್ಳುವುದು ಹೇಗೆ: ಎತ್ತರ ಮೊದಲು, ಕಾಲು ಆಮೇಲೆ

"ಹತ್ತು ನಿಮಿಷಕ್ಕೇ ಕಾಲು ಜೋಮು ಹಿಡಿಯುತ್ತೆ." "ಬೆನ್ನು ನೇರ ಮಾಡಿ ಕೂತರೆ ಸೊಂಟ ಕಿತ್ತು ಬರುತ್ತೆ." "ಉಸಿರು ಗಮನಿಸಿ ಅಂತಾರೆ, ನನಗೆ ಮಂಡಿ ಬಿಟ್ಟು ಬೇರೇನೂ ಗೊತ್ತಾಗಲ್ಲ." ಧ್ಯಾನ ಶುರು ಮಾಡಿದವರು ಮತ್ತೆ ಮತ್ತೆ ಕೇಳುವುದು ಇದನ್ನೇ. ಮನಸ್ಸು ನಿಲ್ಲುತ್ತಿಲ್ಲ ಅನ್ನುವವರಿಗಿಂತ ಕಾಲು ನಿಲ್ಲುತ್ತಿಲ್ಲ ಅನ್ನುವವರೇ ಜಾಸ್ತಿ.

ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊದಲು ಕಾಲು ಮಡಚುತ್ತಾರೆ, ಆಮೇಲೆ ಬಲವಂತವಾಗಿ ಬೆನ್ನು ಸೆಟೆಸುತ್ತಾರೆ, ನೋವು ಶುರುವಾದ ಮೇಲೆ ಕೈಗೆ ಸಿಕ್ಕ ದಿಂಬು ಎಳೆದು ಕೆಳಗೆ ತುರುಕುತ್ತಾರೆ. ಈ ಕ್ರಮ ಪೂರ್ತಿ ತಲೆಕೆಳಗು. ಕೆಳಗಿನ ಎತ್ತರ ಮೊದಲು ಗೊತ್ತಾಗಬೇಕು, ಅದರ ಮೇಲೆ ಸೊಂಟ ಕೂರಬೇಕು, ಆಮೇಲೆ ಕಾಲು. ಬೆನ್ನಿನ ಸರದಿ ಬರುವುದು ಅದಾದ ಮೇಲೆ. ಟಿಫಿನ್ ಕ್ಯಾರಿಯರ್‌ನ ತಳದ ಡಬ್ಬಿ ಓರೆಯಾಗಿದ್ದರೆ ಮೇಲಿನ ಡಬ್ಬಿಗಳನ್ನು ಎಷ್ಟು ನೇರ ಮಾಡಿದರೂ ಅಷ್ಟೇ, ಅಲ್ವಾ?

ಮೊದಲ ಸಲ ಇದಕ್ಕೆ ಮುಕ್ಕಾಲು ಗಂಟೆ ಬಿಡುವು ಮಾಡಿಕೊಳ್ಳಿ. ಒಮ್ಮೆ ಹೊಂದಿಕೊಂಡರೆ ದಿನಾ ಒಂದು ನಿಮಿಷದ ಕೆಲಸ. ಹಂತ ಬಿಟ್ಟು ಮುಂದೆ ಹಾರಬೇಡಿ.

## ಹಂತ 1: ನಿಮ್ಮ ಮೈ ಎಷ್ಟು ಬಗ್ಗುತ್ತೆ ಅಂತ ನೋಡಿ

ಬರೀ ನೆಲದ ಮೇಲೆ, ಏನೂ ಹಾಸಿಕೊಳ್ಳದೆ, ಊಟಕ್ಕೆ ಕೂರುವ ಹಾಗೆ ಚಕ್ಕಳಮಕ್ಕಳ ಹಾಕಿ ಒಂದು ನಿಮಿಷ ಕೂತುಕೊಳ್ಳಿ. ನೇರ ಕೂರಲು ಪ್ರಯತ್ನಿಸಬೇಡಿ, ಮೈ ತಾನಾಗಿ ಹೇಗೆ ನಿಲ್ಲುತ್ತೋ ಹಾಗೇ ಬಿಡಿ. ಮನೆಯವರ ಹತ್ತಿರ ಪಕ್ಕದಿಂದ ಒಂದು ಫೋಟೊ ತೆಗೆಸಿಕೊಳ್ಳಿ. ಯಾರೂ ಇಲ್ಲದಿದ್ದರೆ ಫೋನನ್ನು ಒಂದು ಸ್ಟೂಲಿಗೆ ಒರಗಿಸಿ ವಿಡಿಯೊ ಹಾಕಿಡಿ.

ಫೋಟೊದಲ್ಲಿ ನೋಡಬೇಕಾದ್ದು ಒಂದೇ. ತೊಡೆಯೂ ಹೊಟ್ಟೆಯೂ ಸೇರುವ ಗೆರೆ ಇದೆಯಲ್ಲ, ಅದಕ್ಕಿಂತ ಮಂಡಿ ಮೇಲಿದೆಯೋ ಕೆಳಗಿದೆಯೋ? ಮೇಲಿದ್ದರೆ ಸೊಂಟ ಹಿಂದಕ್ಕೆ ಉರುಳಿದೆ ಅಂತ ಅರ್ಥ. ಸೊಂಟ ಹಿಂದಕ್ಕೆ ಉರುಳಿದರೆ ಬೆನ್ನು ಗೂನಾಗಲೇಬೇಕು. ಅದನ್ನು ನೇರ ಹಿಡಿಯುವ ಕೆಲಸ ಪೂರ್ತಿ ಬೆನ್ನಿನ ಸ್ನಾಯುಗಳ ಮೇಲೆ ಬೀಳುತ್ತೆ, ಅವು ಹತ್ತು ನಿಮಿಷಕ್ಕೆ ಕೈ ಚೆಲ್ಲುತ್ತವೆ. ನಿಮಗೆ ತಾಳ್ಮೆ ಇಲ್ಲ ಅಂತಲ್ಲ, ದಿಂಬಿನ ಎತ್ತರ ಇಲ್ಲ, ಅಷ್ಟೇ.

ಈಗ ಮಂಡಿಗೂ ನೆಲಕ್ಕೂ ಎಷ್ಟು ಜಾಗ ಇದೆ ಅಂತ ಮುಷ್ಟಿ ಅಡ್ಡಲಾಗಿ ತೂರಿಸಿ ಅಳೆಯಿರಿ. ಒಂದು ಮುಷ್ಟಿ ಅಂದರೆ ಹೆಚ್ಚುಕಡಿಮೆ 3 ಇಂಚು. ಎರಡೂ ಕಡೆ ಅಳೆಯಿರಿ, ಎಡ ಬಲ ಒಂದೇ ಥರ ಇರುವವರು ಕಡಿಮೆ.

ಇನ್ನೊಂದು ಪರೀಕ್ಷೆ. ಗೋಡೆಗೆ ಬೆನ್ನು ಕೊಟ್ಟು ಕಾಲು ಮುಂದಕ್ಕೆ ನೀಡಿ ಕೂತುಕೊಳ್ಳಿ. ಮಂಡಿ ಬಗ್ಗಿಸದೆ ಸೊಂಟದ ಹಿಂಭಾಗ ಗೋಡೆಗೆ ತಾಗಿಸಲು ಆಗುತ್ತಾ? ಆಗದೆ ಮಂಡಿ ತಾನಾಗಿ ಮೇಲೆದ್ದರೆ ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗಿದೆ. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಮಾಮೂಲು. ಇಂಥವರಿಗೆ ಬೇರೆಯವರಿಗಿಂತ ಒಂದೆರಡು ಇಂಚು ಹೆಚ್ಚು ಎತ್ತರ ಬೇಕಾಗುತ್ತೆ.

ಮಂಡಿ ನೆಲದಿಂದ ಒಂದು ಮುಷ್ಟಿಯ ಒಳಗಿದ್ದರೆ ನೆಲದ ಭಂಗಿ ಸುಲಭವಾಗಿ ಒಗ್ಗುತ್ತೆ. ಎರಡು ಮುಷ್ಟಿ ಅಥವಾ ಜಾಸ್ತಿ ಇದ್ದರೆ ಎತ್ತರದ ದಿಂಬು ಬೇಕು, ಇಲ್ಲವೇ ಮಂಡಿಯೂರಿ ಕೂರಬೇಕು. ಮಂಡಿ ಸವೆತ ಇರುವವರು, ಮಂಡಿಗೆ ಆಪರೇಷನ್ ಆದವರು ನೆಲದ ಗೊಡವೆಗೇ ಹೋಗದೆ ಸೀದಾ ಹಂತ 7ಕ್ಕೆ ಹೋಗಿ. ಸೊಂಟದ ಕೀಲು ಬದಲಿಸಿಕೊಂಡವರು ಚಕ್ಕಳಮಕ್ಕಳ ಹಾಕಬಹುದಾ ಅಂತ ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಬೇಕು. ಕೀಲು ಜಾರುವ ಅಪಾಯ ಇರುವುದರಿಂದ ಈ ಪರೀಕ್ಷೆಯನ್ನೂ ಮಾಡಬೇಡಿ.

## ಹಂತ 2: ಸಾಮಾನು ಹೊಂದಿಸಿ

ದುಡ್ಡು ಖರ್ಚು ಮಾಡುವ ಅಗತ್ಯ ಇಲ್ಲ. ಆನ್‌ಲೈನಿನಲ್ಲಿ ಧ್ಯಾನದ ದಿಂಬು ಅಂತ ಮಾರುವುದನ್ನು ಈಗಲೇ ಆರ್ಡರ್ ಮಾಡಬೇಡಿ. ನಿಮಗೆ ಬೇಕಾದ ಎತ್ತರವೇ ಇನ್ನೂ ಗೊತ್ತಿಲ್ಲವಲ್ಲ. ಮನೆಯಲ್ಲಿ ಇವು ಸಿಗುತ್ತವೆ:

- ಕೆಳಗೆ ಹಾಸಲು ದಪ್ಪ ಕಂಬಳಿ, ಜಮಖಾನ ಅಥವಾ ಕೌದಿ. ನಾಲ್ಕು ಮಡಿಕೆ ಮಾಡಿದಾಗ ಮಂಡಿ ಮತ್ತು ಪಾದ ಎರಡೂ ಅದರ ಮೇಲೇ ಬರುವಷ್ಟು ಅಗಲ ಇರಬೇಕು.
- ಗಟ್ಟಿ ದಿಂಬು ಒಂದೆರಡು.
- ದೊಡ್ಡ ಟವೆಲ್ ಮೂರು ನಾಲ್ಕು.
- ಊಟದ ಮಣೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪನೆಯ ಹಳೇ ಪುಸ್ತಕಗಳು.
- ಕೈ ಇಲ್ಲದ ಗಟ್ಟಿ ಕುರ್ಚಿ.

ದಿಂಬು ಆರಿಸುವಾಗ ಮುಷ್ಟಿ ಹಾಕಿ ಬಲವಾಗಿ ಒತ್ತಿ ನೋಡಿ. ಮುಷ್ಟಿ ನೆಲ ಮುಟ್ಟಿದ ಹಾಗೆ ಅನ್ನಿಸಿದರೆ ಅದು ನಿದ್ದೆಗೆ ಸರಿ, ಕೂರಲು ಪ್ರಯೋಜನವಿಲ್ಲ. ನಯವಾದ ಫೋಮ್, ಫೈಬರ್ ದಿಂಬುಗಳು ನೋಡಲು ದಪ್ಪ, ಕೂತರೆ ಅಪ್ಪಚ್ಚಿ. ಹಳೇ ಹತ್ತಿ ದಿಂಬು ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಅದೇ ಚೆನ್ನಾಗಿ ಕೆಲಸ ಮಾಡುತ್ತೆ. ಬೂರುಗದ ಹತ್ತಿಯನ್ನು ಒತ್ತೊತ್ತಾಗಿ ತುಂಬಿದ ದಿಂಬಾದರೆ ಇನ್ನೂ ಒಳ್ಳೆಯದು, ಆಕಾರ ಬೇಗ ಬಿಡಲ್ಲ. ಎತ್ತರ ಖಚಿತವಾದ ಮೇಲೆ ಹಾಸಿಗೆ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು. "ಇನ್ನೂ ತುಂಬಿ, ಗಟ್ಟಿಯಾಗಲಿ" ಅಂತ ನಿಂತು ಹೇಳಬೇಕಾಗುತ್ತೆ. ತಲೆದಿಂಬಿನ ಲೆಕ್ಕದಲ್ಲಿ ಮೆತ್ತಗೆ ಮಾಡಿಕೊಡುವುದು ಅವರ ರೂಢಿ.

ಸೋಫಾ ಬೇಡ. ಮಂಚದ ಹಾಸಿಗೆಯೂ ಬೇಡ. ಎರಡೂ ಕೂತ ಮೇಲೆ ಒಂದೊಂದು ಕಡೆ ಒಂದೊಂದು ಥರ ಕುಸಿಯುತ್ತವೆ.

ಬಟ್ಟೆಯ ಬಗ್ಗೆ ಒಂದು ಮಾತು. ಬಿಗಿ ಜೀನ್ಸ್ ಮಂಡಿಯ ಹಿಂದೆ ಮಡಿಕೆಯಾಗಿ ಒತ್ತುತ್ತೆ, ಬೆಲ್ಟ್ ಹೊಟ್ಟೆ ಹಿಡಿಯುತ್ತೆ. ಪಂಚೆ, ಲುಂಗಿ, ಸಡಿಲ ಪೈಜಾಮ, ಚೂಡಿದಾರ್ ಯಾವುದಾದರೂ ನಡೆಯುತ್ತೆ. ಹಿಂದಿನ ಜೇಬಿನಲ್ಲಿ ಪರ್ಸ್ ಇಟ್ಟುಕೊಂಡೇ ಕೂರುವವರೂ ಇದ್ದಾರೆ. ತೆಗೆದಿಡಿ ಮಾರಾಯ್ರೆ.

## ಹಂತ 3: ಎತ್ತರ ಗೊತ್ತು ಮಾಡಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಕಂಬಳಿ ಹಾಸಿ ಅದರ ಮೇಲೆ ದಿಂಬು ಇಡಿ. ಕೂತಾಗ ಎಷ್ಟು ಎತ್ತರ ಉಳಿಯುತ್ತೆ ಅನ್ನುವುದೇ ಲೆಕ್ಕ, ಕೂರುವ ಮೊದಲಿನ ಎತ್ತರ ಅಲ್ಲ. ಶುರುವಿಗೆ 4 ಇಂಚು ಇಟ್ಟುಕೊಳ್ಳಿ. ಮಂಡಿ ಎರಡು ಮುಷ್ಟಿ ಮೇಲಿದ್ದವರು 6 ಇಂಚಿನಿಂದಲೇ ಶುರು ಮಾಡಿ.

ದಿಂಬಿನ ಮೇಲೆ ಪೂರ್ತಿ ಹತ್ತಿ ಕೂರಬೇಡಿ. ಮುಂದಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಕೂರಬೇಕು, ಅಂಚಿನ ಹತ್ತಿರ. ಪೂರ್ತಿ ಹತ್ತಿ ಕೂತರೆ ದಿಂಬಿನ ಅಂಚು ತೊಡೆಯ ಕೆಳಗೆ ಬಂದು ಒತ್ತುತ್ತೆ. ಕಾಲು ಜೋಮು ಹಿಡಿಯಲು ಇದು ಒಂದು ದೊಡ್ಡ ಕಾರಣ. ತೊಡೆ ದಿಂಬಿನಿಂದ ಇಳಿಜಾರಾಗಿ ಕೆಳಗೆ ಇಳಿಯಬೇಕು.

ಕೂತು ಎರಡು ನಿಮಿಷ ನೋಡಿ.

ಎತ್ತರ ಸಾಲದು ಅನ್ನುವುದಕ್ಕೆ ಗುರುತು: ಮಂಡಿ ಗಾಳಿಯಲ್ಲಿ ತೇಲುತ್ತಿದೆ. ನಿಮಗೇ ಗೊತ್ತಿಲ್ಲದ ಹಾಗೆ ಕೈ ಹೋಗಿ ಮಂಡಿ ಹಿಡಿದುಕೊಂಡಿದೆ, ಬಿಟ್ಟರೆ ಹಿಂದಕ್ಕೆ ವಾಲುತ್ತೀರಿ. ಸೊಂಟದ ಕೆಳಗಿನ ಬೆನ್ನು ಹೊರಕ್ಕೆ ಉಬ್ಬಿದೆ.

ಎತ್ತರ ಜಾಸ್ತಿ ಆಯ್ತು ಅನ್ನುವುದಕ್ಕೆ ಗುರುತು: ಮೈ ಮುಂದಕ್ಕೆ ಜಾರುತ್ತಿದೆ. ಭಾರವೆಲ್ಲ ಮಂಡಿ ಮೇಲೆ ಬಂದು ಚಿಪ್ಪು ಒತ್ತುತ್ತಿದೆ. ಕೆಳ ಬೆನ್ನು ಒಳಕ್ಕೆ ಬಾಗಿ ಅಲ್ಲಿ ಚಿವುಟಿದ ಹಾಗೆ ಆಗುತ್ತಿದೆ.

ಸಾಲದಿದ್ದರೆ ಒಂದು ಮಡಿಚಿದ ಟವೆಲ್ ಸೇರಿಸಿ. ಟವೆಲನ್ನು ದಿಂಬಿನ ಮೇಲೆ ಹಾಕುವುದಕ್ಕಿಂತ ಕೆಳಗೆ ಹಾಕಿದರೆ ಜರುಗುವುದಿಲ್ಲ. ಒಂದು ಸಲಕ್ಕೆ ಒಂದೇ ಟವೆಲ್, ಅಂದರೆ ಹೆಚ್ಚುಕಡಿಮೆ ಅರ್ಧ ಇಂಚು. 8 ಇಂಚು ದಾಟಿದರೂ ಮಂಡಿ ಕೆಳಗಿಳಿಯದಿದ್ದರೆ ನಿಲ್ಲಿಸಿ, ಚಕ್ಕಳಮಕ್ಕಳ ನಿಮಗೆ ಈಗ ಆಗುವುದಿಲ್ಲ. ಮಂಡಿಯೂರಿಯೋ ಕುರ್ಚಿಯಲ್ಲೋ ಕೂತುಕೊಳ್ಳಿ.

ಎತ್ತರ ಸಿಕ್ಕಿದ ಮೇಲೆ ಸ್ಕೇಲಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಬೇರೆ ಊರಿಗೆ ಹೋದಾಗ, ಶಿಬಿರಕ್ಕೆ ಹೋದಾಗ ಬೇಕಾಗುತ್ತೆ.

## ಹಂತ 4: ಸೊಂಟ ಕೂರಿಸಿ

ಕೂತಲ್ಲಿಂದ ಎರಡೂ ಕೈ ಪಿರ್ರೆಯ ಕೆಳಗೆ ತೂರಿಸಿ, ಅಂಗೈ ಮೇಲ್ಮುಖ ಇರಲಿ. ಬೆರಳಿಗೆ ಎರಡು ಗಟ್ಟಿ ಮೂಳೆ ಸಿಗುತ್ತವೆ. ಮೈಭಾರ ಬೀಳಬೇಕಾದ್ದು ಈ ಎರಡು ಮೂಳೆಗಳ ಮೇಲೆ. ಈಗ ಪಿರ್ರೆಯ ಮಾಂಸವನ್ನು ಒಂದೊಂದು ಕೈಯಿಂದ ಹಿಂದಕ್ಕೆ, ಪಕ್ಕಕ್ಕೆ ಎಳೆದು ಬಿಡಿ. ಮುಜುಗರ ಅನ್ನಿಸಬಹುದು, ಯೋಗ ತರಗತಿಗಳಲ್ಲೂ ಹೀಗೇ ಮಾಡಿಸುತ್ತಾರೆ.

ಕೈ ತೆಗೆದು ಸೊಂಟವನ್ನು ನಿಧಾನವಾಗಿ ಹಿಂದಕ್ಕೆ ಉರುಳಿಸಿ. ಬೆನ್ನು ಗೂನಾಗುತ್ತೆ, ಭಾರ ಬಾಲದ ಮೂಳೆ ಕಡೆಗೆ ಹೋಗುತ್ತೆ. ಈಗ ಮುಂದಕ್ಕೆ ಉರುಳಿಸಿ. ಹೊಟ್ಟೆ ಮುಂದೆ ಬರುತ್ತೆ, ಕೆಳ ಬೆನ್ನು ಒಳಗೆ ಹೋಗುತ್ತೆ. ಹೀಗೆ ಐದಾರು ಸಲ, ಪ್ರತಿ ಸಲವೂ ಸ್ವಲ್ಪ ಕಡಿಮೆ ಮಾಡುತ್ತಾ ಬನ್ನಿ. ಕೊನೆಗೆ ಎಲ್ಲಿ ಬೆನ್ನಿನ ಸ್ನಾಯು ಏನೂ ಹಿಡಿಯದೆ ಮೈ ತಾನೇ ನಿಂತ ಹಾಗೆ ಅನ್ನಿಸುತ್ತೋ ಅಲ್ಲಿ ನಿಲ್ಲಿಸಿ. ಸರಿಯಾದ ಜಾಗ ನಟ್ಟನಡುವಿಗಿಂತ ಕೂದಲೆಳೆಯಷ್ಟು ಮುಂದೆ ಇರುತ್ತೆ.

ಅನುಮಾನ ಇದ್ದರೆ ಒಂದು ಕೈ ಕೆಳ ಬೆನ್ನಿನ ಮೇಲಿಡಿ, ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ. ಅಲ್ಲಿನ ಸ್ನಾಯು ಹಗ್ಗದ ಹಾಗೆ ಬಿಗಿಯಾಗಿದ್ದರೆ ಜಾಸ್ತಿ ಮುಂದೆ ಬಂದಿದ್ದೀರಿ. ಮೂಳೆಯ ಗಂಟುಗಳು ಕೈಗೆ ಎದ್ದು ಸಿಗುತ್ತಿದ್ದರೆ ಹಿಂದಕ್ಕೆ ಕುಸಿದಿದ್ದೀರಿ. ಸರಿಯಾಗಿದ್ದರೆ ಅಲ್ಲಿ ಸಣ್ಣ ತಗ್ಗು ಇರುತ್ತೆ, ಸ್ನಾಯು ಮೆತ್ತಗಿರುತ್ತೆ.

ಎಷ್ಟು ಹುಡುಕಿದರೂ ಈ ಜಾಗ ಸಿಗದಿದ್ದರೆ ಹಂತ 3ಕ್ಕೆ ವಾಪಸ್ ಹೋಗಿ ಎತ್ತರ ಬದಲಿಸಿ. ಇಲ್ಲಿ ಹಟ ಹಿಡಿದು ಬೆನ್ನಿಗೆ ಬಲ ಹಾಕಬೇಡಿ.

## ಹಂತ 5: ಕಾಲು ಇಡಿ

ಇಷ್ಟಾದ ಮೇಲೆ ಕಾಲಿನ ಸರದಿ. ಪದ್ಮಾಸನದ ಆಸೆ ಸದ್ಯಕ್ಕೆ ಬಿಡಿ. ಆ ಭಂಗಿಗೆ ತೊಡೆ ಸೊಂಟದ ಕೀಲಿನಿಂದಲೇ ಪೂರ್ತಿ ಹೊರಕ್ಕೆ ತಿರುಗಬೇಕು. ಕೀಲಿನ ಮೂಳೆಯ ಆಕಾರ ಒಬ್ಬೊಬ್ಬರಿಗೆ ಒಂದೊಂದು ಥರ, ಕೆಲವರಿಗೆ ಎಷ್ಟು ವರ್ಷ ಅಭ್ಯಾಸ ಮಾಡಿದರೂ ಅಷ್ಟು ತಿರುಗುವುದೇ ಇಲ್ಲ. ಸೊಂಟದ ಕೀಲು ತಿರುಗದಿದ್ದರೆ ಆ ತಿರುಚುವಿಕೆ ಮಂಡಿಗೆ ಬರುತ್ತೆ. ಮಂಡಿ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು, ತಿರುಚಲು ಮಾಡಿದ್ದಲ್ಲ. ಕೈಯಿಂದ ಪಾದ ಎಳೆದು ತೊಡೆ ಮೇಲೆ ಏರಿಸಬೇಕಾಗಿ ಬಂದರೆ ಮಂಡಿಯ ಒಳಗಿನ ಮೆತ್ತೆ ಹರಿಯಬಹುದು. ಧ್ಯಾನಕ್ಕೆ ಇಷ್ಟು ಬೆಲೆ ತೆರುವ ಅಗತ್ಯವೇ ಇಲ್ಲ.

ಹೆಚ್ಚಿನವರಿಗೆ ಒಗ್ಗುವುದು: ಒಂದರ ಮುಂದೆ ಒಂದು. ಎಡಗಾಲು ಮಡಚಿ ಹಿಮ್ಮಡಿಯನ್ನು ತೊಡೆಸಂದಿನ ಕಡೆಗೆ ತನ್ನಿ, ಪಾದದ ಹೊರಬದಿ ಕಂಬಳಿ ಮೇಲಿರಲಿ. ಬಲಗಾಲನ್ನು ಅದರ ಮುಂದೆ ಇಡಿ. ಒಂದರ ಮೇಲೊಂದು ಹೇರಬೇಡಿ. ಎರಡೂ ಕಣಕಾಲು, ಎರಡೂ ಪಾದ ನೆಲದ ಮೇಲೇ ಇರುತ್ತವೆ, ಯಾವ ಕಾಲಿನ ಭಾರವೂ ಇನ್ನೊಂದರ ಮೇಲಿಲ್ಲ. ಊಟಕ್ಕೆ ಕೂರುವಾಗ ಕಾಲು ಕತ್ತರಿ ಹಾಕುತ್ತೇವಲ್ಲ, ಅದರಲ್ಲಿ ಪಾದಗಳು ಕಾಲಿನ ಕೆಳಗೆ ಸಿಕ್ಕಿಕೊಳ್ಳುತ್ತವೆ. ಅರ್ಧ ಗಂಟೆ ಕೂರುವುದಾದರೆ ವ್ಯತ್ಯಾಸ ಗೊತ್ತಾಗುತ್ತೆ.

ಮಂಡಿ ನೆಲ ಮುಟ್ಟದಿದ್ದರೆ ಟವೆಲ್ ಸುತ್ತಿ ಕೆಳಗಿಡಿ. ಟವೆಲ್ ಮಂಡಿಯನ್ನು ಮೇಲಕ್ಕೆ ತಳ್ಳಬಾರದು, ಸುಮ್ನೆ ಖಾಲಿ ಜಾಗ ತುಂಬಬೇಕು. ಎಡಕ್ಕೆ ಒಂದು ಸುತ್ತು, ಬಲಕ್ಕೆ ಎರಡು ಸುತ್ತು ಬೇಕಾದರೆ ಹಾಗೇ ಕೊಡಿ. ಹೀಗೆ ಪಿರ್ರೆ ಒಂದು, ಮಂಡಿ ಎರಡು, ಮೂರೂ ಕಡೆ ಆಧಾರ ಸಿಕ್ಕ ಮೇಲೆ ಮೈ ಅಲ್ಲಾಡುವುದು ನಿಲ್ಲುತ್ತೆ.

ಪಾದದ ಹೊರಗಿನ ಗಿಣ್ಣು ನೋಡಿಕೊಳ್ಳಿ. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ತೆಳು ಮ್ಯಾಟ್ ಹಾಸಿ ಕೂತವರಿಗೆ ಮೊದಲು ಉರಿಯುವುದು ಆ ಮೂಳೆ. ಅಲ್ಲಿ ಚರ್ಮ ಕಪ್ಪಾಗಿ ದಡ್ಡು ಕಟ್ಟುತ್ತೆ. ಗಿಣ್ಣಿನ ಮುಂದೆ ಹಿಂದೆ ಕರವಸ್ತ್ರ ಮಡಿಚಿಟ್ಟು ಮೂಳೆ ಬರುವ ಜಾಗ ಖಾಲಿ ಬಿಟ್ಟರೆ ಒತ್ತಡ ಹೋಗುತ್ತೆ.

ಯಾವ ಕಾಲು ಮುಂದೆ ಅನ್ನುವುದನ್ನು ದಿನಾ ಬದಲಿಸಿ. ಒಂದು ಕಡೆ ಕಷ್ಟ ಅನ್ನಿಸಿದರೂ ಬದಲಿಸಿ, ಇಲ್ಲದಿದ್ದರೆ ಸೊಂಟ ಒಂದೇ ಕಡೆ ಓರೆಯಾಗಿ ಕೂರಲು ಕಲಿಯುತ್ತೆ.

ಮಂಡಿಯೂರಿ ಕೂರುವುದು. ವಜ್ರಾಸನದಲ್ಲಿ ಹಿಮ್ಮಡಿ ಮೇಲೆ ಪೂರ್ತಿ ಭಾರ ಬಿಟ್ಟು ಕೂತರೆ ಬಹಳ ಜನರಿಗೆ ಐದು ನಿಮಿಷಕ್ಕೆ ಪಾದ ಮರಗಟ್ಟುತ್ತೆ. ಬದಲಿಗೆ ಗಟ್ಟಿ ದಿಂಬನ್ನು ಉದ್ದುದ್ದ ನಿಲ್ಲಿಸಿ ಎರಡೂ ಕಾಲುಗಳ ನಡುವೆ ಇಟ್ಟು ಅದರ ಮೇಲೆ ಕೂತುಕೊಳ್ಳಿ, ಕುದುರೆ ಸವಾರಿ ಭಂಗಿ. ಇಟ್ಟಿಗೆಗಳ ಮೇಲೆ ಮಣೆ ಇಟ್ಟು ಮಾಡಿದರೂ ಆಗುತ್ತೆ, ಅಲುಗಾಡದಂತೆ ನೋಡಿಕೊಳ್ಳಿ. ಪಾದದ ಮೇಲ್ಭಾಗ ನೋಯುವವರು ಗಿಣ್ಣಿನ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ತೊಡೆ ಬಿಗಿ ಇದ್ದು ಚಕ್ಕಳಮಕ್ಕಳ ಆಗದವರಿಗೆ ಇದು ಎಷ್ಟೋ ವಾಸಿ, ಯಾಕೆಂದರೆ ಇಲ್ಲಿ ಸೊಂಟ ತಾನಾಗಿ ಮುಂದಕ್ಕೆ ವಾಲುತ್ತೆ. ಮಂಡಿ ಪೂರ್ತಿ ಮಡಚಲು ಆಗದವರಿಗೆ ಮಾತ್ರ ಇದು ಬೇಡ.

## ಹಂತ 6: ಬೆನ್ನು, ಕೈ, ತಲೆ

ಕೆಳಗಿನದು ಸರಿಯಾಗಿದ್ದರೆ ಇಲ್ಲಿ ಕೆಲಸ ಕಡಿಮೆ. ಉಸಿರು ಎಳೆಯುತ್ತಾ ಭುಜವನ್ನು ಕಿವಿಯವರೆಗೆ ಎತ್ತಿ, ಬಿಡುತ್ತಾ ಧಡ್ ಅಂತ ಬಿಡಿ. ಬಿದ್ದಲ್ಲೇ ಇರಲಿ. ಎದೆ ಮುಂದೆ ತಳ್ಳಿ ಪರೇಡಿಗೆ ನಿಂತವರ ಹಾಗೆ ಆಗಬೇಡಿ.

ಕೈಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಎರಡು ಕೈಗಳ ತೂಕ ಅರ್ಧ ಗಂಟೆ ಭುಜಕ್ಕೆ ಜೋತುಬಿದ್ದರೆ ಕತ್ತಿನ ಬುಡದಲ್ಲಿ ನೋವು ಬಂದೇ ಬರುತ್ತೆ. ಜಾಹೀರಾತಿನ ಫೋಟೊಗಳಲ್ಲಿ ತೋಳು ನೆಟ್ಟಗೆ ನೀಡಿ ಮಂಡಿ ಮೇಲೆ ಚಿನ್ಮುದ್ರೆ ಇಟ್ಟು ಕೂತಿರುತ್ತಾರಲ್ಲ, ಅದು ಫೋಟೊಗೆ ಚೆಂದ, ಅಷ್ಟೇ. ಎತ್ತರದ ದಿಂಬಿನ ಮೇಲೆ ಕೂತಾಗ ಮಂಡಿ ದೂರ, ಕೆಳಗೆ ಇರುತ್ತೆ, ಕೈ ಅಲ್ಲಿಗೆ ನೀಡಿದರೆ ಭುಜ ಮುಂದಕ್ಕೆ ಬರುತ್ತೆ. ಮಡಿಲಲ್ಲಿ ಶಾಲು ಅಥವಾ ಟವೆಲ್ ಮಡಿಚಿಟ್ಟು ಹೊಕ್ಕುಳಿನ ಸ್ವಲ್ಪ ಕೆಳಗೆ ಬರುವಷ್ಟು ಎತ್ತರ ಮಾಡಿ, ಅದರ ಮೇಲೆ ಕೈ ಇಡಿ. ಮೊಣಕೈ ಪಕ್ಕೆಗಿಂತ ತುಸು ದೂರ ಇರಲಿ.

ಗದ್ದವನ್ನು ಸ್ವಲ್ಪ ಒಳಕ್ಕೆ ತನ್ನಿ, ಕೆಳಕ್ಕೆ ಅಲ್ಲ. ಕಿವಿ ಭುಜದ ನೇರಕ್ಕೆ ಬಂದರೆ ಸಾಕು. ಹಲ್ಲು ಕಚ್ಚಿದ್ದರೆ ಬಿಡಿ. ಕಣ್ಣು ಮುಚ್ಚಿದರೆ ತೂಕಡಿಕೆ ಬರುವವರು ಅರ್ಧ ತೆರೆದು ಮೂರು ನಾಲ್ಕು ಅಡಿ ಮುಂದೆ ನೆಲ ನೋಡಿ.

## ಹಂತ 7: ನೆಲ ಆಗದಿದ್ದರೆ

ಕುರ್ಚಿಯಲ್ಲಿ ಕೂತರೆ ಧ್ಯಾನ ಅರ್ಧ ಅನ್ನುವ ಮಾತಿಗೆ ಕಿವಿ ಕೊಡಬೇಡಿ. ಚೆನ್ನಾಗಿ ಹೊಂದಿಸಿದ ಕುರ್ಚಿ, ಹಲ್ಲು ಕಚ್ಚಿ ಹಾಕಿದ ಪದ್ಮಾಸನಕ್ಕಿಂತ ಸಾವಿರ ಪಾಲು ಮೇಲು.

ಸಮಸ್ಯೆ ಬರುವುದು ನಮ್ಮ ಮನೆಗಳಲ್ಲಿ ಇರುವ ಪ್ಲಾಸ್ಟಿಕ್ ಕುರ್ಚಿಯಿಂದ. ಅದರ ಆಸನ ಹಿಂದಕ್ಕೆ ಇಳಿಜಾರು, ನಡುವೆ ಗುಳಿ. ಕೂತ ಕೂಡಲೇ ಸೊಂಟ ಹಿಂದಕ್ಕೆ ಉರುಳುತ್ತೆ. ಒಂದು ನಿಂಬೆಹಣ್ಣು ಇಟ್ಟು ನೋಡಿ, ಹಿಂದಕ್ಕೇ ಓಡುತ್ತೆ. ಆ ಗುಳಿಯಲ್ಲಿ ಟವೆಲ್ ಮಡಿಚಿಟ್ಟು ಸಮ ಮಾಡಿ, ಮೇಲೆ ಇನ್ನೊಂದನ್ನು ಹಿಂಭಾಗದಲ್ಲಿ ಮಾತ್ರ ಇಟ್ಟು ಮುಂದಕ್ಕೆ ತುಸು ಇಳಿಜಾರು ಮಾಡಿಕೊಳ್ಳಿ. ಮರದ ಊಟದ ಕುರ್ಚಿ ಇದ್ದರೆ ಅದೇ ಒಳ್ಳೆಯದು. ಚಕ್ರದ ಆಫೀಸ್ ಕುರ್ಚಿ ಬೇಡ.

ಮುಂದಿನ ಅರ್ಧದಲ್ಲಿ ಕೂತುಕೊಳ್ಳಿ, ಬೆನ್ನು ಒರಗಿಸದೆ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಸೊಂಟದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ. ಸಾಮಾನ್ಯ ಕುರ್ಚಿ 17-18 ಇಂಚು ಎತ್ತರ ಇರುತ್ತೆ. ಕುಳ್ಳಗಿರುವವರಿಗೆ ಪಾದ ನೇತಾಡುತ್ತೆ, ಕೆಳಗೆ ಮಣೆ ಅಥವಾ ಪುಸ್ತಕ ಇಡಿ. ಎತ್ತರದವರಿಗೆ ಮಂಡಿ ಮೇಲೆ ಬರುತ್ತೆ, ಪಿರ್ರೆ ಕೆಳಗೆ ದಿಂಬು ಇಡಿ. ಕೂತಮೇಲೆ ಹಂತ 4ರ ಉರುಳಿಸುವ ಪರೀಕ್ಷೆ ಇಲ್ಲೂ ಮಾಡಿ. ಒರಗಲೇಬೇಕು ಅನ್ನುವವರು ಹಿಂದಕ್ಕೆ ಸರಿದು ಕೂತು, ಕೆಳ ಬೆನ್ನಿಗೆ ಮಾತ್ರ ಸಣ್ಣ ದಿಂಬು ಕೊಡಿ. ಮೇಲಿನ ಬೆನ್ನು ಸ್ವತಂತ್ರವಾಗಿರಲಿ.

ನೆಲದ ಮೇಲೆ ಗೋಡೆಗೆ ಒರಗುವವರಿಗೂ ಇದೇ ನಿಯಮ. ಪಿರ್ರೆ ಗೋಡೆಗೆ ತಾಗುವಷ್ಟು ಹಿಂದಕ್ಕೆ ಹೋಗಿ. ಅರ್ಧ ಅಡಿ ಮುಂದೆ ಕೂತು ಭುಜ ಮಾತ್ರ ಗೋಡೆಗೆ ಕೊಟ್ಟರೆ ಬೆನ್ನು ಬಿಲ್ಲಾಗುತ್ತೆ.

ಕೂರಲು ಆಗದಷ್ಟು ನೋವಿದ್ದರೆ ಮಲಗಿಯೂ ಮಾಡಬಹುದು. ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ ಪಾದ ನೆಲಕ್ಕೆ ಊರಿ, ಒಂದು ಮುಂಗೈಯನ್ನು ಮೊಣಕೈಯಿಂದ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ. ನಿದ್ದೆ ಬಂದರೆ ಕೈ ಬೀಳುತ್ತೆ, ಎಚ್ಚರಾಗುತ್ತೆ. ತುಂಬು ಗರ್ಭಿಣಿಯರು ಅಂಗಾತ ಬೇಡ, ಎಡಮಗ್ಗುಲಲ್ಲಿ ಮಂಡಿಗಳ ನಡುವೆ ದಿಂಬು ಇಟ್ಟುಕೊಂಡು ಮಲಗಿ.

## ಹಂತ 8: ಹದಿನೈದು ನಿಮಿಷದ ಪರೀಕ್ಷೆ

ಮೊದಲ ದಿನ ಧ್ಯಾನ ಮಾಡಬೇಡಿ, ಭಂಗಿ ಪರೀಕ್ಷೆ ಮಾತ್ರ. ಫೋನಿನಲ್ಲಿ ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು ಅಲುಗಾಡದೆ ಕೂತುಕೊಳ್ಳಿ. ಮೊದಲು ಎಲ್ಲಿ ನೋವು ಬಂತು ಅನ್ನುವುದಷ್ಟೇ ಗಮನಿಸಿ. ನೋವಿನ ಜಾಗವೇ ತಪ್ಪು ಎಲ್ಲಿದೆ ಅಂತ ಹೇಳುತ್ತೆ.

- ಕೆಳ ಬೆನ್ನು, ಅಗಲವಾದ ಆಯಾಸ: ಎತ್ತರ ಸಾಲದು.
- ಕೆಳ ಬೆನ್ನು, ಒಂದೇ ಜಾಗದಲ್ಲಿ ಚಿವುಟಿದ ಹಾಗೆ: ಎತ್ತರ ಜಾಸ್ತಿ, ಅಥವಾ ಎದೆ ಮುಂದೆ ತಳ್ಳಿದ್ದೀರಿ.
- ಭುಜದ ನಡುವೆ, ಕತ್ತಿನ ಬುಡ: ಕೈಗೆ ಆಧಾರ ಇಲ್ಲ, ಇಲ್ಲವೇ ಗದ್ದ ಮುಂದೆ ಹೋಗಿದೆ.
- ತೊಡೆಯ ಒಳಭಾಗ ಎಳೆಯುವುದು: ಮಂಡಿ ತೇಲುತ್ತಿದೆ, ಟವೆಲ್ ಕೊಡಿ.
- ಪಾದ ಜೋಮು: ದಿಂಬಿನ ಅಂಚು ತೊಡೆ ಒತ್ತುತ್ತಿದೆ, ಅಥವಾ ಒಂದು ಕಾಲಿನ ಭಾರ ಇನ್ನೊಂದರ ಮೇಲಿದೆ.

ಜೋಮಿನ ಬಗ್ಗೆ ಇನ್ನೊಂಚೂರು. ರಕ್ತ ನಿಂತು ಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಖ್ಯವಾಗಿ ಆಗುವುದು ನರದ ಮೇಲಿನ ಒತ್ತಡ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಸಣ್ಣ ಮೂಳೆಯ ಗುಬ್ಬಿ ಕೈಗೆ ಸಿಗುತ್ತೆ. ಅದನ್ನು ಸುತ್ತಿಕೊಂಡು ಒಂದು ನರ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗುತ್ತೆ. ಆ ಜಾಗ ನೆಲಕ್ಕೋ ಇನ್ನೊಂದು ಪಾದಕ್ಕೋ ಒತ್ತಿಕೊಂಡಿದ್ದರೆ ಪಾದದ ಮೇಲ್ಭಾಗ ಮರಗಟ್ಟುತ್ತೆ. ಆ ಗುಬ್ಬಿಗೆ ಏನೂ ತಾಗದ ಹಾಗೆ ಕಾಲು ಒಂದೆರಡು ಇಂಚು ಸರಿಸಿ ನೋಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ದಿಂಬು, ಕಾಲು, ಕೈ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.

## ಹಂತ 9: ಇವು ಬಂದರೆ ನಿಲ್ಲಿಸಿ

ಸ್ನಾಯು ಎಳೆಯುವುದು, ಮಂದವಾದ ಆಯಾಸ, ಬಿಚ್ಚಿದ ಒಂದೆರಡು ನಿಮಿಷಕ್ಕೆ ಹೋಗುವ ಜೋಮು, ಇವಕ್ಕೆ ಹೆದರಬೇಕಿಲ್ಲ. "ನೋವನ್ನು ಸುಮ್ಮನೆ ನೋಡಿ" ಅನ್ನುವ ಸಲಹೆ ಇಂಥವುಗಳಿಗೆ ಮಾತ್ರ ಸರಿ. ಕೆಳಗಿನವುಗಳಿಗೆ ಖಂಡಿತ ಅಲ್ಲ.

ಮಂಡಿಯ ಒಳಗೆ ಚುಚ್ಚುವ ನೋವು, ಮಂಡಿ ಸಿಕ್ಕಿಕೊಂಡ ಹಾಗೆ ಆಗುವುದು, ಎದ್ದ ಮೇಲೆ ಊತ: ತಕ್ಷಣ ಕಾಲು ಬಿಚ್ಚಿ, ನಾಳೆಯಿಂದ ಕುರ್ಚಿ. ಪಿರ್ರೆಯಿಂದ ಪಾದದವರೆಗೆ ಮಿಂಚು ಹೊಡೆದ ಹಾಗೆ ಇಳಿಯುವ ನೋವು ಬಂದರೂ ಅಷ್ಟೇ. ಎದ್ದು ಬಹಳ ಹೊತ್ತಾದರೂ ಹೋಗದ ಮರಗಟ್ಟುವಿಕೆ, ಪಾದದ ಮುಂಭಾಗ ಎತ್ತಲು ಆಗದಿರುವುದು, ನಡೆಯುವಾಗ ಬೆರಳು ನೆಲಕ್ಕೆ ಎಡವುವುದು ನರಕ್ಕೆ ಪೆಟ್ಟಾಗಿರುವ ಲಕ್ಷಣ. ಡಾಕ್ಟರ ಹತ್ತಿರ ಹೋಗಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ತೋರಿಸಿ, ಕಾಯಬೇಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರಬಹುದು. ಒತ್ತಡ ಗೊತ್ತಾಗದೆ ಗಿಣ್ಣಿನ ಹತ್ತಿರ ಗಾಯವಾದೀತು. ಎದ್ದ ಮೇಲೆ ಚರ್ಮ ಕೆಂಪಾಗಿದೆಯಾ ಅಂತ ಕಣ್ಣಿಂದಲೇ ನೋಡಿಕೊಳ್ಳುವುದು ಅಭ್ಯಾಸವಾಗಲಿ.

## ಹಂತ 10: ಏಳುವುದು, ಸಮಯ ಹೆಚ್ಚಿಸುವುದು

ಅಲಾರಂ ಹೊಡೆದ ಕೂಡಲೇ ಧಡಕ್ಕನೆ ಏಳಬೇಡಿ. ಮರಗಟ್ಟಿದ ಪಾದದ ಮೇಲೆ ನಿಂತು ಕಾಲು ಉಳುಕಿಸಿಕೊಂಡವರು ಬೇಕಾದಷ್ಟು ಜನ. ಮಂಡಿಯ ಕೆಳಗೆ ಕೈ ಕೊಟ್ಟು ಒಂದೊಂದೇ ಕಾಲು ಬಿಚ್ಚಿ. ಗಿಣ್ಣು ತಿರುಗಿಸಿ, ಬೆರಳು ಮಡಚಿ ಬಿಚ್ಚಿ. ಪಾದ ನಿಮ್ಮದೇ ಅನ್ನಿಸಿದ ಮೇಲೆ ಒಂದು ಪಕ್ಕಕ್ಕೆ ಹೊರಳಿ, ಕೈ ಊರಿ ಎದ್ದೇಳಿ.

ಹದಿನೈದು ನಿಮಿಷ ತಕರಾರಿಲ್ಲದೆ ಒಂದು ವಾರ ನಡೆದರೆ ಐದು ನಿಮಿಷ ಸೇರಿಸಿ. ಮತ್ತೊಂದು ವಾರ ನೋಡಿ, ಮತ್ತೆ ಐದು. ಮೊದಲ ದಿನವೇ ಗಂಟೆ ಕೂರುವ ಶಪಥ ಬೇಡ.

ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗುವ ಯೋಚನೆ ಇದ್ದವರು ಕನಿಷ್ಠ ಎರಡು ತಿಂಗಳು ಮೊದಲೇ ಇದನ್ನೆಲ್ಲ ಶುರು ಮಾಡಿ. ಅಲ್ಲಿ ನಾಲ್ಕನೇ ದಿನದ ಹೊತ್ತಿಗೆ ಒಂದೊಂದು ಗಂಟೆ ಅಲುಗಾಡದೆ ಕೂರುವ ಅವಧಿಗಳು ಶುರುವಾಗುತ್ತವೆ. ಎತ್ತರ ಗೊತ್ತಿಲ್ಲದವರು ಸಿಕ್ಕ ದಿಂಬೆಲ್ಲ ತಂದು ಗುಡ್ಡ ಕಟ್ಟಿ ಅದರ ಮೇಲೆ ಓಲಾಡುತ್ತಿರುತ್ತಾರೆ. ನೀವು ಬರೆದಿಟ್ಟ ಇಂಚಿನ ಲೆಕ್ಕಕ್ಕೆ ದಿಂಬು ಹೊಂದಿಸಿಕೊಂಡರೆ ಆಯ್ತು. ಮಂಡಿ, ಬೆನ್ನಿನ ತೊಂದರೆ ಇದ್ದರೆ ಅರ್ಜಿಯಲ್ಲೇ ಬರೆದು ಕುರ್ಚಿ ಕೇಳಿ.

ದಿಂಬಿನ ಹತ್ತಿ ಕೂತು ಕೂತು ಇಳಿಯುತ್ತೆ. ಏನೂ ಬದಲಿಸದಿದ್ದರೂ ಹಳೇ ಬೆನ್ನುನೋವು ವಾಪಸ್ ಬಂದರೆ ಮೊದಲು ದಿಂಬು ಅಳೆಯಿರಿ. ಬಿಸಿಲಿಗೆ ಹಾಕಿ ಬಡಿದು, ಆಗಲೂ ಎತ್ತರ ಬರದಿದ್ದರೆ ಕೆಳಗೆ ಒಂದು ಟವೆಲ್ ಸೇರಿಸಿ.